ಹಳೇ ಬಾಟಲಿಗಳ ಒಳಗಿನ ಬಿಳಿ ಮಬ್ಬು ಹೋಗ್ತಿಲ್ಲ. ಕಿಟಕಿಯಲ್ಲಿ ಜೋಡಿಸೋದು ಹೇಗೆ?

ಕಿಟಕಿಬೆಳಕು:
ಮಣ್ಣಿನಿಂದ ತೆಗೆದ 22 ಹಳೇ ಬಾಟಲಿಗಳಿವೆ. ಹೆಚ್ಚಿನವು ತಿಳಿ ನೀಲಿಹಸಿರು ಬಣ್ಣದ ಔಷಧಿ, ಸೋಡಾ ಬಾಟಲಿಗಳು. ಎರಡು ಕಡುನೀಲಿ, ಮೂರು ಕಂದು, ನಾಲ್ಕಕ್ಕೆ ಬಣ್ಣವೇ ಇಲ್ಲ. ಸೋಪಿನ ನೀರಲ್ಲಿ ಎರಡು ದಿನ ನೆನೆಸಿ ಬ್ರಶ್ ಆಡಿಸಿದ್ದಾಯ್ತು. ಏಳು ಬಾಟಲಿಗಳಲ್ಲಿ ಬಿಳಿ ಮಬ್ಬು ಹಾಗೇ ಉಳಿದಿದೆ. ಒದ್ದೆ ಇದ್ದಾಗ ಫಳಫಳ, ಒಣಗಿದರೆ ಮತ್ತೆ ಮಂಕು. ಇದನ್ನು ತೆಗೆಯೋದು ಹೇಗೆ? ಇವು ಎಷ್ಟು ಹಳೆಯವು ಅಂತ ನೋಡಿಯೇ ಹೇಳಬಹುದಾ? ಕೊನೆಗೆ ಎಲ್ಲವನ್ನೂ ಬಿಸಿಲು ಬೀಳುವ ಕಿಟಕಿಯಲ್ಲಿ ಇಡುವ ಯೋಚನೆ ಇದೆ.

ಗಾಜಿನಗೀಳು:
ಒದ್ದೆಯಾದಾಗ ಮಾಯವಾಗಿ ಒಣಗಿದಾಗ ಮರಳುವ ಮಬ್ಬು ಸಾಮಾನ್ಯವಾಗಿ ಕೊಳೆಯಲ್ಲ, ಗಾಜೇ ಸವೆದದ್ದು. ತೇವದ ಮಣ್ಣಲ್ಲಿ ವರ್ಷಗಟ್ಟಲೆ ಬಿದ್ದಿದ್ದಾಗ ಗಾಜಿನೊಳಗಿನ ಸೋಡಿಯಂ ನೀರಿಗೆ ಬಿಟ್ಟುಹೋಗುತ್ತೆ, ಮೇಲ್ಮೈ ಸಣ್ಣಗೆ ತರಿಯಾಗುತ್ತೆ. ಆ ತರಿಯನ್ನು ನೀರು ತುಂಬಿದಾಗ ಗಾಜು ತಿಳಿಯಾಗಿ ಕಾಣುತ್ತೆ, ಅಷ್ಟೇ. ಎಷ್ಟು ಉಜ್ಜಿದರೂ ಅದು ಹೋಗಲ್ಲ.

ಇನ್ನೊಂದು ಮಾತು. ಬೇಗ ಆಗಲಿ ಅಂತ ಕುದಿಯುವ ನೀರು ಸುರಿಯಬೇಡಿ, ಪಾತ್ರೆ ತೊಳೆಯುವ ಯಂತ್ರಕ್ಕೂ ಹಾಕಬೇಡಿ. ಹಳೇ ಗಾಜನ್ನು ಎಷ್ಟೋ ಸಲ ಸರಿಯಾಗಿ ನಿಧಾನವಾಗಿ ತಣಿಸಿರುವುದಿಲ್ಲ, ಒತ್ತಡ ಒಳಗೇ ಉಳಿದಿರುತ್ತೆ. ದಪ್ಪ ತಳ ಒಂದು ಕಡೆ, ತೆಳು ಮೈ ಒಂದು ಕಡೆ. ಬಿಸಿ ತಗುಲಿದರೆ ತಳದ ಸುತ್ತ ಉಂಗುರದಂತೆ ಬಿರುಕು ಬಿಡುತ್ತೆ.

ಅಚ್ಚಿನಗೆರೆ:
ಮೇಲಿನ ಮಾತಿಗೆ ಒಂದು ತಿದ್ದುಪಡಿ. ನೀರಿನ ಪರೀಕ್ಷೆಯೊಂದೇ ಸಾಲದು. ತೆಳುವಾದ ಸುಣ್ಣದ ಕರೆಯೂ ಒದ್ದೆಯಾದಾಗ ಮರೆಯಾಗುತ್ತೆ. ಬಾಟಲಿಗೆ ಕತ್ತಿನವರೆಗೂ ಬಿಳಿ ವಿನೆಗರ್ ತುಂಬಿ, ಇಲ್ಲವೇ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 30 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ತುಂಬಿ, ಒಂದು ರಾತ್ರಿ ಬಿಡಿ. ಸುಣ್ಣವಾದರೆ ಕರಗಿ ಹೋಗುತ್ತೆ, ಸವೆತವಾದರೆ ಕದಲಲ್ಲ. ಆಸಿಡ್ ಹಾಕಿದ ಬಾಟಲಿಗೆ ಯಾವ ಕಾರಣಕ್ಕೂ ಬ್ಲೀಚ್ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತೆ.

ಬ್ರಶ್ ತಲುಪದ ಮೂಲೆಗೆ ಎರಡು ಚಮಚ ಅಕ್ಕಿ, ಕಾಲು ಬಾಟಲಿ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಸುತ್ತಿಸಿ. ಮರಳು ಬೇಡವೇ ಬೇಡ, ಅದು ಗಾಜಿಗಿಂತ ಗಟ್ಟಿ, ಗೀರು ಹಾಕುತ್ತೆ. ಔಷಧಿ ಅಥವಾ ವಿಷದ ಬಾಟಲಿಯಲ್ಲಿ ತಳಕ್ಕಂಟಿದ ಪುಡಿಯೋ ದ್ರವವೋ ಇದ್ದರೆ ಕೈಗವಸು ಇಲ್ಲದೆ ಮುಟ್ಟಬೇಡಿ, ಅದನ್ನು ಚರಂಡಿಗೂ ಬಿಡಬೇಡಿ. ಕಾಗದದ ಲೇಬಲ್ ಉಳಿದಿದ್ದರೆ ಹೊರಮೈಗೆ ನೀರೇ ಸೋಕದಿರಲಿ. ಲಾಳಿಕೆ ಇಟ್ಟು ಒಳಗಷ್ಟೇ ತೊಳೆಯಿರಿ.

ಇನ್ನು ವಯಸ್ಸಿನ ಪ್ರಶ್ನೆ. ಮೈಮೇಲಿನ ಅಚ್ಚಿನ ಗೆರೆಯನ್ನು ಉಗುರಿನಿಂದ ಸವರುತ್ತಾ ಮೇಲಕ್ಕೆ ಹೋಗಿ. ಬಾಯಿಯ ಅಂಚಿನ ಮೇಲೂ ಹತ್ತಿದರೆ ಯಂತ್ರದಲ್ಲಿ ಮಾಡಿದ್ದು. ಮೈಕೆಲ್ ಓವೆನ್ಸ್ 1904ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಯಂತ್ರದ ನಂತರ ಇಂಥವೇ ಹೆಚ್ಚು. ಆ ಯಂತ್ರದವಾದರೆ ತಳದಲ್ಲಿ ಒರಟು ಅಂಚಿನ, ಸ್ವಲ್ಪ ಓರೆಯಾಗಿ ಕೂತ ವೃತ್ತದ ಗುರುತೂ ಸಿಗುತ್ತೆ. ಗೆರೆ ಕತ್ತಿನಲ್ಲೇ ನಿಂತರೆ ಬಾಯಿಯನ್ನು ಕೈಯಿಂದ ತಿದ್ದಿದ್ದು, ಅಂದರೆ ಸಾಮಾನ್ಯವಾಗಿ ಅದಕ್ಕಿಂತ ಹಳೆಯದು. ಗೆರೆಯೇ ಇಲ್ಲದಿದ್ದರೆ ತಕ್ಷಣ ತೀರ್ಮಾನ ಬೇಡ. ಅಚ್ಚಿನೊಳಗೆ ತಿರುಗಿಸಿ ಗೆರೆ ಅಳಿಸಿದ ಬಾಟಲಿಗಳೂ ಇವೆ. ತಳದ ನಡುವೆ ಮುರಿದ ಗಾಜಿನ ಒರಟು ಗಾಯವಿದ್ದರೆ ಇನ್ನೂ ಹಳೆಯದಿರಬಹುದು.

ಮುಚ್ಚಳದ ಬಗೆಯೂ ಸಹಾಯಕ್ಕೆ ಬರುತ್ತೆ. ಗೋಲಿ ಬಾಟಲಿಗೆ ಹೈರಮ್ ಕಾಡ್ ಪೇಟೆಂಟ್ ಪಡೆದದ್ದು 1872ರಲ್ಲಿ. ಈಗಲೂ ಕಾಣುವ ಸುಕ್ಕಂಚಿನ ತಗಡಿನ ಮುಚ್ಚಳ ವಿಲಿಯಂ ಪೇಂಟರ್‌ನದು, 1892. ಹಾಗಾಗಿ ಆ ಮುಚ್ಚಳ ಕೂರುವ ಬಾಯಿ ಇದ್ದ ಬಾಟಲಿ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಗುಳ್ಳೆ ನೋಡಿ ಹಳೆಯದು ಅನ್ನುವವರ ಮಾತು ಮಾತ್ರ ನಂಬಬೇಡಿ. ಇವತ್ತಿನ ಅಲಂಕಾರದ ಗಾಜಿನಲ್ಲೂ ಬೇಕಂತಲೇ ಗುಳ್ಳೆ ಬಿಡುತ್ತಾರೆ. ಬದಲಿಗೆ ತಳದ ಅಂಚು ನೋಡಿ: ನಿಜವಾದ ಬಳಕೆಯ ಗೀರು ಅಡ್ಡಾದಿಡ್ಡಿ ಇರುತ್ತೆ, ಉಜ್ಜುಕಾಗದ ಹಾಕಿದ್ದು ಒಂದೇ ದಿಕ್ಕಿಗೆ ಓಡುತ್ತೆ.

ಕಿಟಕಿಬೆಳಕು:
ವಿನೆಗರ್ ಹಾಕಿದ ಮೇಲೆ ನಾಲ್ಕು ತಿಳಿಯಾದವು. ಮೂರು ಹಾಗೇ ಇವೆ. ಒಳಗೆ ಎಣ್ಣೆ ಸವರಿದರೆ ಸರಿಹೋಗುತ್ತೆ ಅಂತ ಕೇಳಿದ್ದೆ.

ಗಾಜಿನಗೀಳು:
ಸುಣ್ಣದ ವಿಷಯದಲ್ಲಿ ಅಚ್ಚಿನಗೆರೆ ಹೇಳಿದ್ದೇ ಸರಿ. ಉಳಿದ ಮೂರು ಸವೆದವೇ. ಎಣ್ಣೆ ಹಾಕಿದರೆ ಮಬ್ಬು ಮರೆಯಾಗುತ್ತೆ ನಿಜ, ಆದರೆ ಧೂಳು ಹಿಡಿದು ಜಿಗುಟಾಗುತ್ತೆ. ಮಾರುವವರು ಹೀಗೆ ಮಾಡಿದ್ದರೆ ಅದು ಮೋಸವೇ. ನಿಜವಾದ ದಾರಿ ಒಂದೇ: ಬಾಟಲಿಯನ್ನು ಕೊಳವೆಯೊಳಗೆ ಅಲುಗಾಡದಂತೆ ಬಿಗಿದು, ಅದರೊಳಗೆ ಮೂರನೇ ಒಂದು ಭಾಗದಷ್ಟು ತಾಮ್ರದ ತಂತಿಯ ತುಂಡು, ನೀರು, ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್ ಪುಡಿ ಹಾಕಿ ದಿನಗಟ್ಟಲೆ ನಿಧಾನವಾಗಿ ಉರುಳಿಸುವುದು. ಇದು ಗಾಜಿನ ಮೇಲ್ಪದರವನ್ನೇ ಸವೆಸುತ್ತೆ, ಉಬ್ಬಕ್ಷರಗಳ ಚೂಪೂ ಕಮ್ಮಿಯಾಗಬಹುದು. ಬಿರುಕಿದ್ದರೆ ಒಡೆಯುತ್ತೆ. ಮಬ್ಬಿನಲ್ಲಿ ಕಾಮನಬಿಲ್ಲಿನ ಬಣ್ಣ ಹೊಳೆಯುತ್ತಿದ್ದರೆ ಮುಟ್ಟಲೇಬೇಡಿ, ಅದಕ್ಕಾಗಿಯೇ ಹುಡುಕುವವರಿದ್ದಾರೆ.

ಒಣಗಿಸೋದನ್ನು ಮರೆಯಬೇಡಿ. ತೊಳೆದ ಬಾಟಲಿಗಳನ್ನು ಬೋರಲು ಹಾಕಿ ಎರಡು ದಿನ ಬಿಡಿ. ಒಳಗೆ ನೀರು ನಿಂತರೆ ಅದರ ಮಟ್ಟದಲ್ಲೇ ಹೊಸ ಗೆರೆ ಮೂಡುತ್ತೆ.

ಮೂರುಹಲಗೆ:
ಜೋಡಣೆಗೆ ಬರೋಣ. ತೂಕ ಮೊದಲು. ಗೋಲಿ ಬಾಟಲಿಗಳ ಗಾಜು ದಪ್ಪ, ಒಂದೊಂದೂ ಅರ್ಧ ಕೆಜಿಗಿಂತ ಹೆಚ್ಚು ತೂಗಬಹುದು. 22 ಅಂದರೆ ಹತ್ತು ಕೆಜಿ ಲೆಕ್ಕ ಹಿಡಿಯಿರಿ. ಗಾಜಿನ ಹಲಗೆಯಾದರೆ 60 ಸೆಂ.ಮೀ. ಅಂತರಕ್ಕೆ 8 ಮಿ.ಮೀ. ಟಫನ್ಡ್ ಗಾಜು ಹಾಕಿಸಿ, ಮುಂದಿನ ಅಂಚಿಗೆ ತೆಳು ಪಟ್ಟಿ ಇರಲಿ. ಕಿಟಕಿ ಬಾಗಿಲು ಬಡಿದಾಗ ಬಾಟಲಿಗಳು ಜರುಗದಂತೆ ತಳಕ್ಕೆ ಬಟಾಣಿ ಗಾತ್ರದ ಮೂರು ಉಂಡೆ ಮ್ಯೂಸಿಯಂ ಮೇಣ ಸಾಕು. ಮೊಟ್ಟೆಯಾಕಾರದ ತಳದವು ನಿಲ್ಲುವುದಿಲ್ಲ. ಅವನ್ನು ಮಾಡಿದ್ದೇ ಮಲಗಿಸಿಡಲು, ಬಿರಡೆ ಒದ್ದೆಯಾಗಿ ಬಿಗಿಯಾಗಿರಲಿ ಅಂತ. ಮರದ ತೊಟ್ಟಿಲಿನಂಥ ಆಸರೆ ಕೊಟ್ಟು ಹಾಗೇ ಮಲಗಿಸಿ.

ಒಂದರ ಹಿಂದೆ ಒಂದು ಇಡಬೇಡಿ. ಕಡುನೀಲಿಯ ಹಿಂದೆ ಕಂದು ಬಂದರೆ ಎರಡೂ ಸೇರಿ ಕಪ್ಪಾಗಿ ಕಾಣುತ್ತೆ. ಕಡುನೀಲಿಗೂ ಕಂದಿಗೂ ಹಿಂದಿನಿಂದ ಜೋರು ಬೆಳಕು ಬೇಕು, ತಿಳಿ ನೀಲಿಹಸಿರಿಗೆ ಸ್ವಲ್ಪವೇ ಸಾಕು. ಎಲ್‌ಇಡಿ ಪಟ್ಟಿ ಹಾಕುವುದಾದರೆ ನಡುವೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಇಟ್ಟು, ಹಾಳೆಗೂ ಪಟ್ಟಿಗೂ 5 ಸೆಂ.ಮೀ. ಬಿಡಿ, ಇಲ್ಲದಿದ್ದರೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ.

ನಿಮ್ಮ ಬಣ್ಣವಿಲ್ಲದ ನಾಲ್ಕು ಬಾಟಲಿಗಳ ಬಗ್ಗೆ ಎಚ್ಚರ. ಕಬ್ಬಿಣದಿಂದ ಬರುವ ಹಸಿರು ಛಾಯೆ ಹೋಗಲಾಡಿಸಲು ಹಿಂದೆ ಗಾಜಿಗೆ ಮ್ಯಾಂಗನೀಸ್ ಬೆರೆಸುತ್ತಿದ್ದರು. ಅಂಥ ಗಾಜು ವರ್ಷಗಟ್ಟಲೆ ಬಿಸಿಲು ತಿಂದರೆ ನೇರಳೆಗೆ ತಿರುಗುತ್ತೆ. ಬೇಡವಾದರೆ ಕಿಟಕಿಯಿಂದ ದೂರ ಇಡಿ. ಲೇಬಲ್ ಇರುವವೂ ಬಿಸಿಲಿಗೆ ಬೇಡ. ಬಣ್ಣದ ನೀರು ತುಂಬಿಡುವ ಆಸೆ ಇದ್ದರೆ ಬಿಟ್ಟುಬಿಡಿ: ನೀರು ತುಂಬಿದ ದುಂಡು ಬಾಟಲಿ ಮಸೂರದಂತೆ ಬಿಸಿಲನ್ನು ಒಂದೆಡೆ ಸೇರಿಸುತ್ತೆ, ಪರದೆಗೆ ಬೆಂಕಿ ತಗುಲಬಹುದು. ಹೂವು ಇಡಬೇಕೆಂದರೆ ಅಗಲ ಬಾಯಿಯವಕ್ಕೆ ಒಳಗೊಂದು ಪರೀಕ್ಷಾನಳಿಕೆ ಇಳಿಸಿ ಅದರಲ್ಲಿ ನೀರು ಹಾಕಿ. ಕಿರಿದಾದ ಕತ್ತಿಗೆ ಒಣಹೂವೇ ಸರಿ.