ಎಲ್ಲಾ ಬ್ಲೇಡ್ ಸರ್ವರ್‌ಗೂ ಸ್ಕ್ರೀನ್ ಹೋಗಿದೆ, ಸಿಡಿ ಡ್ರೈವ್ ಸಿಗ್ತಿಲ್ಲ: ಅನುಭವ ಇದ್ದವರು ಹೇಳಿ

ಕಾಲೇಜು ಲ್ಯಾಬ್, ಕಲಬುರಗಿ:
ನಮ್ಮಲ್ಲಿ 7ಯು (ಸುಮಾರು ಒಂದಡಿ) ಎತ್ತರದ ಹಳೇ ಬ್ಲೇಡ್ ಚಾಸಿಸ್ ಇದೆ, ಅಂದರೆ ಬ್ಲೇಡ್ ಅನ್ನೋ ತೆಳು ಸರ್ವರ್‌ಗಳನ್ನು ಸ್ಲಾಟಿಗೆ ತಳ್ಳಿ ಕೂರಿಸೋ ಪೆಟ್ಟಿಗೆ. 14 ಸ್ಲಾಟ್, 9 ಬ್ಲೇಡ್. ಒಂದೊಂದರಲ್ಲೂ ಎರಡೆರಡು ಪ್ರೊಸೆಸರ್. ಹೋದ ಸೋಮವಾರದಿಂದ ಯಾವ ಬ್ಲೇಡಿನ ಕೆವಿಎಂ ಬಟನ್ (ಎಲ್ಲಕ್ಕೂ ಸೇರಿದ ಕೀಬೋರ್ಡ್, ಮಾನಿಟರ್, ಮೌಸ್ ಆ ಬ್ಲೇಡಿಗೆ ಕೊಡೋ ಬಟನ್) ಒತ್ತಿದರೂ ಮಾನಿಟರ್ ಕಪ್ಪಾಗಿಯೇ ಇರುತ್ತದೆ. ಎಲ್ಲಕ್ಕೂ ಸೇರಿದ ಸಿಡಿ ಡ್ರೈವ್, ಮುಂದಿನ ಯುಎಸ್‌ಬಿ ಕೂಡ ಯಾವ ಬ್ಲೇಡಿಗೂ ಸಿಗ್ತಿಲ್ಲ. ನೆಟ್‌ವರ್ಕ್ ಮೂಲಕ ಮಾತ್ರ ಎಲ್ಲವೂ ಓಡುತ್ತಿವೆ. ಮ್ಯಾನೇಜ್‌ಮೆಂಟ್ ಮಾಡ್ಯೂಲ್ (ಇಡೀ ಚಾಸಿಸ್ ನೋಡಿಕೊಳ್ಳೋ, ಸ್ಕ್ರೀನ್, ಕೀಬೋರ್ಡ್ ಹಂಚೋ ಭಾಗ) ಹೋಗಿದೆ ಅಂತ ಒಬ್ಬರು ಹೇಳಿದರು. ಹಳೇದು ಸಿಕಂದರಾಬಾದಿನಲ್ಲಿ 14,500 ರೂಪಾಯಿಗೆ ಸಿಗುತ್ತದಂತೆ. ತರಿಸಲಾ? ಪ್ರಾಕ್ಟಿಕಲ್ ಪರೀಕ್ಷೆಗೆ 12 ದಿನ ಉಳಿದಿದೆ.

ಆಸ್ಪತ್ರೆ ಕಂಪ್ಯೂಟರ್ ವಿಭಾಗ, ಬೀದರ್:
ಮೊದಲು ಅರ್ಥಿಂಗ್ ನೋಡಿ. ನಾನು ನೋಡದೆ ಕೆಟ್ಟವನು. ನಮ್ಮದೂ ಇಂಥದ್ದೇ ಚಾಸಿಸ್. ಒಂದು ದಿನ ಸ್ಕ್ರೀನ್ ಇರೋದು, ಮರುದಿನ ಇರಲ್ಲ. ಬಂದ ಎಂಜಿನಿಯರ್ ಮಿಡ್‌ಪ್ಲೇನ್ (ಎಲ್ಲಾ ಭಾಗ ಬಂದು ಕೂಡೋ ಚಾಸಿಸ್ ನಡುವಿನ ಬೋರ್ಡ್) ಹೋಗಿದೆ ಅಂದ. 38,000 ಕೊಟ್ಟೆ. ನಾನೇ ಹೈದರಾಬಾದಿಗೆ ಹೋಗಿ ತೊಡೆ ಮೇಲೆ ಇಟ್ಟುಕೊಂಡು ತಂದೆ. ಹೋಗಿಬರುವ ಕಾರಿಗೆ 5,200. ಅದನ್ನು ಹಾಕಬೇಕಾದರೆ ಗೊತ್ತಲ್ವಾ, ಎಲ್ಲಾ ಬ್ಲೇಡ್, ಪವರ್, ಫ್ಯಾನ್, ಸ್ವಿಚ್ ಹೊರಗೆ. ರಾತ್ರಿ 11ಕ್ಕೆ ಕೂತವರು ಬೆಳಗ್ಗೆ 4ಕ್ಕೆ ಎದ್ದೆವು. ಒಪಿಡಿ ಕೌಂಟರ್ ಆ ರಾತ್ರಿಯೆಲ್ಲ ಕೈಬರಹದಲ್ಲಿ ನಡೆಯಿತು. ಒಂಬತ್ತನೇ ದಿನ ಮತ್ತೆ ಅದೇ ತೊಂದರೆ.

ಆಮೇಲೆ ನಮ್ಮ ಎಲೆಕ್ಟ್ರಿಷಿಯನ್, ವಯಸ್ಸಾದವರು, ಸುಮ್ನೆ ಮೀಟರ್ ಹಿಡಿದು ನೋಡಿದರು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 14 ವೋಲ್ಟ್! ನಮ್ಮದು ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಹನಿ ನೀರೂ ನಿಲ್ಲಲ್ಲ. ಅರ್ಥಿಂಗಿನ ಹಳೇ ಗುಂಡಿ ಪೂರ್ತಿ ಒಣಗಿತ್ತು. ಹೊಸ ಪೈಪ್, ಇದ್ದಿಲು, ಉಪ್ಪು, ಕೂಲಿ ಸೇರಿ 6,200. ಈಗ 1.2 ವೋಲ್ಟ್. ಎರಡು ವರ್ಷದಿಂದ ಸ್ಕ್ರೀನ್ ಒಮ್ಮೆಯೂ ಹೋಗಿಲ್ಲ. ಆ 38,000 ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬೇಳೆ ಮಿಲ್ಲಿನ ಲೆಕ್ಕಪತ್ರ ನೋಡುವವನು, ಕಲಬುರಗಿ:
ಬೀದರ್ ಅಣ್ಣಾರೇ, ಎಲ್ಲದಕ್ಕೂ ಅರ್ಥಿಂಗ್ ಅಂದರೆ ಹೇಗೆ? ನಮ್ಮ ಊರಿನ ರೋಗ ಧೂಳು. ಮಿಲ್ಲಿನ ಪಕ್ಕದ ಕೋಣೆಯಲ್ಲಿ ರ‍್ಯಾಕ್ ಇಟ್ಟಿದ್ದೆವು. ಮೇ ತಿಂಗಳಲ್ಲಿ ಎಸಿ ಇದ್ದರೂ ಬ್ಲೇಡ್‌ಗಳು ಒಂದೊಂದಾಗಿ ನಿಧಾನ ಆಗೋವು. ನಾಲ್ಕು ಬಾರಿ ರ‍್ಯಾಮ್ ಬದಲಿಸಿದೆ, 22,000 ಹೋಯಿತು. ಕೊನೆಗೆ ಹಿಂದಿನ ಬ್ಲೋವರ್ ಎಳೆದು ನೋಡಿದರೆ ರೆಕ್ಕೆ ಮೇಲೆ ತೊಗರಿ ಹೊಟ್ಟಿನ ಧೂಳು ಕಂಬಳಿ ಹಾಗೆ ಕೂತಿದೆ. ಉಗುರಿನಿಂದ ಕೆರೆದರೆ ಹಾಳೆ ಹಾಗೆ ಎದ್ದು ಬಂತು. ಬೇರಿಂಗ್ ಗಿರಿಗಿರಿ ಅನ್ನುತ್ತಿತ್ತು. ಎರಡೂ ಬ್ಲೋವರ್ ಬದಲಿಸಿದೆ, 9,500ಕ್ಕೊಂದು.

ಇನ್ನೊಂದು. ಖಾಲಿ ಸ್ಲಾಟಿಗೆ ಫಿಲ್ಲರ್ (ಬಾಯಿ ಮುಚ್ಚೋ ಡಮ್ಮಿ) ಹಾಕಿದ್ದೀರಾ? ನಾವು ಐದು ಸ್ಲಾಟ್ ಹಾಗೇ ಬಿಟ್ಟಿದ್ದೆವು. ತಂಪು ಗಾಳಿ ಬ್ಲೇಡಿನ ಒಳಗೆ ಹೋಗೋದು ಬಿಟ್ಟು ಆ ತೂತಿನಿಂದಲೇ ಸೀದಾ ಹಿಂದೆ ಹೋಗುತ್ತಿತ್ತು. ಬ್ಲೋವರ್ ಎರಡೂ ಚಾಸಿಸ್‌ಗೆಲ್ಲ ಸೇರಿದ್ದು. ಒಂದು ಕಡೆ ಗಾಳಿ ಸೋರಿದರೆ ಉಳಿದವರಿಗೆ ಕಮ್ಮಿ.

ಆಸ್ಪತ್ರೆ ಕಂಪ್ಯೂಟರ್ ವಿಭಾಗ, ಬೀದರ್:
ಅವರ ಬ್ಲೇಡ್ ನಿಧಾನ ಆಗಿಲ್ಲ ಸರ್, ಸ್ಕ್ರೀನ್ ಹೋಗಿದೆ. ಧೂಳಿನಿಂದ ಸ್ಕ್ರೀನ್ ಹೋಗಲ್ಲ. ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ.

ಬೇಳೆ ಮಿಲ್ಲಿನ ಲೆಕ್ಕಪತ್ರ ನೋಡುವವನು, ಕಲಬುರಗಿ:
ಓದಿಯೇ ಬರೆದಿದ್ದೇನೆ. 38,000 ಸುರಿದು ಆಮೇಲೆ ಮೀಟರ್ ಹಿಡಿದವರು ನನಗೆ ಓದೋದು ಕಲಿಸಬೇಡಿ.

ಸಹಕಾರಿ ಸಂಘದ ಸರ್ವರ್ ನೋಡಿಕೊಳ್ಳುವವಳು, ಯಾದಗಿರಿ:
ಜಗಳ ಬಿಡಿ. ನನ್ನ ಕೇಸ್ ಬೇರೆ. ನಮ್ಮಲ್ಲಿ 7ನೇ ಸ್ಲಾಟ್‌ನಿಂದ ಆಚೆ ಇದ್ದ ಮೂರು ಬ್ಲೇಡ್ ಒಟ್ಟಿಗೇ ಸತ್ತವು. 1ರಿಂದ 6 ಆರಾಮಾಗಿ ಓಡುತ್ತಿದ್ದವು. ಮೂರೂ ಬ್ಲೇಡ್ ಸುಟ್ಟಿವೆ ಅಂತ ತಿಳಿದು ಒಂದಕ್ಕೆ 17,000ದಂತೆ ಎರಡು ತರಿಸಿದೆ. ಅವೂ ಹತ್ತಲಿಲ್ಲ. ರಾತ್ರಿಯೆಲ್ಲ ಮ್ಯಾನುಯಲ್ ಓದಿದೆ. ಮೊದಲ ಎರಡು ಪವರ್ ಮಾಡ್ಯೂಲ್ 1ರಿಂದ 6ಕ್ಕೆ ಮತ್ತು ಫ್ಯಾನ್, ಸ್ವಿಚ್ ಇತ್ಯಾದಿಗೆ. 3, 4ನೇ ಮಾಡ್ಯೂಲ್ 7ರಿಂದ 14ಕ್ಕೆ. ನಮ್ಮ 4ನೇದು ಯಾವಾಗಲೋ ಹೋಗಿತ್ತು, ಕಿತ್ತಳೆ ದೀಪ ಉರೀತಿದ್ದರೂ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಆಮೇಲೆ 3ನೇದೂ ಹೋಯಿತು. 34,000 ಕೊಟ್ಟು ತಂದ ಬ್ಲೇಡ್ ಎರಡೂ ಇವತ್ತಿಗೂ ಡಬ್ಬದಲ್ಲಿವೆ. ಮೇಲಿನವರ ಮುಂದೆ ನಿಂತು ಉತ್ತರ ಹೇಳಿದ್ದು ನಾನು.

ಮ್ಯಾನೇಜ್‌ಮೆಂಟ್ ಮಾಡ್ಯೂಲ್ ಬಗ್ಗೆ ಒಂದು ಮಾತು. ಅದನ್ನು ಎಳೆದು ಮತ್ತೆ ಕೂರಿಸಿ ನೋಡಬಹುದು. ಬ್ಲೇಡ್‌ಗಳು ಓಡುತ್ತಲೇ ಇರುತ್ತವೆ. ಆದರೆ ಬ್ಲೋವರ್ ಪೂರ್ತಿ ವೇಗಕ್ಕೆ ಹೋಗಿ ಕಿರುಚುತ್ತದೆ. ನಮ್ಮ ಗುಮಾಸ್ತರು ಬೆಂಕಿ ಬಿತ್ತು ಅಂತ ಹೊರಗೆ ಓಡಿದ್ದರು. ಮೊದಲೇ ಎಲ್ಲರಿಗೂ ಹೇಳಿಡಿ.

ಗುಜರಿಗೆ ಹಾಕಿದವನು, ಕಲಬುರಗಿ:
ಇಷ್ಟೆಲ್ಲ ಯಾಕ್ರೀ? ನಾನು ಹೋದ ವರ್ಷ ಆ ಪೆಟ್ಟಿಗೆ ಗುಜರಿಗೆ ಹಾಕಿದೆ. ಆರು ಜನ ಹೊತ್ತು ಕೆಳಗಿಳಿಸಿದರು. 4,800 ಬಂತು. 2 ಸಾದಾ ರ‍್ಯಾಕ್ ಸರ್ವರ್ ತಗೊಂಡೆ, 1,85,000. ಕರೆಂಟ್ ಬಿಲ್ ತಿಂಗಳಿಗೆ ಸುಮಾರು 11,000 ಇಳಿಯಿತು. ಒಂದು ಸರ್ವರ್ ಕೆಟ್ಟರೆ ಅದೊಂದೇ ಕೆಡುತ್ತದೆ. ಎಲ್ಲರಿಗೂ ಒಂದೇ ಫ್ಯಾನ್, ಒಂದೇ ಸಿಡಿ, ಒಂದೇ ಕೀಬೋರ್ಡ್ ಅನ್ನೋ ವ್ಯವಸ್ಥೆ ನನಗೆ ಸಾಕಾಗಿದೆ. ಐದು ವರ್ಷದಲ್ಲಿ ರಿಪೇರಿಗೇ 2,10,000 ಹಾಕಿದ್ದೆ. ಲೆಕ್ಕ ಬರೆದಿಟ್ಟಿದ್ದೇನೆ.

ಯಾದಗಿರಿ:
1,85,000 ಎಲ್ಲರ ಹತ್ತಿರ ಇರಲ್ಲ ಅಣ್ಣ. ಕಾಲೇಜಿನವರು 14,500ಕ್ಕೇ ಹತ್ತು ಸಹಿ ತರಬೇಕು.

ಗುಜರಿಗೆ ಹಾಕಿದವನು:
ಸಹಿ ತರೋ ಕಷ್ಟ ನನಗೂ ಗೊತ್ತು ಅಕ್ಕ. ರಿಪೇರಿಯ ಒಂದೊಂದು ಚೀಟಿಗೂ ನಾನೇ ಓಡಾಡಿದ್ದೇನೆ. ಆ ಓಡಾಟ ಒಂದೇ ಸಲ ಮಾಡಿ ಮುಗಿಸಿ ಅಂತ ಹೇಳ್ತಿದ್ದೇನೆ.

ಹಳೇ ಹಾರ್ಡ್‌ವೇರ್ ಕೈ, ಕಲಬುರಗಿ:
ಯಾರೂ ಅವರ ರೋಗ ನೋಡ್ತಿಲ್ಲ. ಸ್ಕ್ರೀನ್, ಸಿಡಿ, ಯುಎಸ್‌ಬಿ ಮೂರೂ ಒಟ್ಟಿಗೆ ಹೋಗಿವೆ, ಅದೂ ಎಲ್ಲಾ ಬ್ಲೇಡ್‌ಗೂ. ಒಂದೇ ಬ್ಲೇಡಿಗೆ ಹೋಗಿದ್ದರೆ ಆ ಬ್ಲೇಡ್ ನೋಡಬೇಕು. ಎಲ್ಲದಕ್ಕೂ ಹೋದರೆ ಹಂಚಿಕೊಂಡಿರುವ ಭಾಗ ನೋಡಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮ್ಯಾನೇಜ್‌ಮೆಂಟ್ ಮಾಡ್ಯೂಲ್ ಎಲ್ಲಾ ಬ್ಲೇಡ್‌ಗಳ ಜೊತೆ ಮಾತಾಡೋ ತಂತಿ ಒಂದೇ. ಒಂದು ಕೆಟ್ಟ ಬ್ಲೇಡ್ ಆ ತಂತಿ ಹಿಡಿದು ಕೂತರೆ ಎಲ್ಲರ ಬಾಯಿ ಬಂದ್. ಮಾಡ್ಯೂಲ್ ಸತ್ತ ಹಾಗೇ ಕಾಣುತ್ತದೆ. 2016ರಲ್ಲಿ ನಾನು ಇದೇ ತಪ್ಪು ಮಾಡಿ 19,000ದ ಮಾಡ್ಯೂಲ್ ಬದಲಿಸಿದೆ. ಏನೂ ಆಗಲಿಲ್ಲ. ಆ ಗಿರಾಕಿ ಮತ್ತೆ ನನ್ನನ್ನು ಕರೆಯಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿದೆ.

ದುಡ್ಡು ಕೊಡೋ ಮೊದಲು ಹೀಗೆ ಮಾಡಿ. ರಜೆ ದಿನ ಬ್ಲೇಡ್‌ಗಳನ್ನು ಸರಿಯಾಗಿ ಶಟ್‌ಡೌನ್ ಮಾಡಿ ಒಂಬತ್ತನ್ನೂ ಹೊರಗೆ ಎಳೆಯಿರಿ. ಯಾವುದು ಯಾವ ಸ್ಲಾಟಿನದು ಅಂತ ಟೇಪ್ ಹಚ್ಚಿ ಬರೆಯಿರಿ. ಒಂದು ಹಾಕಿ, ಸ್ಕ್ರೀನ್ ನೋಡಿ. ಬಂದರೆ ಇನ್ನೊಂದು. ಯಾವುದು ಹಾಕಿದಾಗ ಹೋಯಿತೋ ಅದನ್ನು ಬೇರೆ ಸ್ಲಾಟಿಗೆ ಹಾಕಿ ನೋಡಿ. ಅಲ್ಲೂ ಹೋದರೆ ಬ್ಲೇಡ್ ಕೆಟ್ಟಿದೆ. ಅಲ್ಲಿ ಸರಿ ಇದ್ದರೆ ಹಳೇ ಸ್ಲಾಟ್ ಮೇಲೆ ಅನುಮಾನ. ಒಂದೇ ಬ್ಲೇಡ್ ಇದ್ದಾಗಲೂ ಸ್ಕ್ರೀನ್ ಬರದಿದ್ದರೆ ಇನ್ನೊಂದು ಬ್ಲೇಡ್ ಒಂಟಿಯಾಗಿ ಹಾಕಿ. ಅದಕ್ಕೂ ಬರದಿದ್ದರೆ ಆಗ ಮಾಡ್ಯೂಲ್.

ಬೀದರ್:
ಇದು ಸರಿಯಾದ ಮಾತು. ಆದರೂ ಅರ್ಥಿಂಗ್ ಅಳೆಯಿರಿ. ಎರೆ ನೆಲ ಬಿರುಕು ಬಿಟ್ಟರೆ ನಿಮ್ಮದೂ ಒಣಗುತ್ತದೆ.

ಕಾಲೇಜು ಲ್ಯಾಬ್, ಕಲಬುರಗಿ:
ಭಾನುವಾರ ಬೆಳಗ್ಗೆ ಕೂತೆವು. ನಾನು, ಲ್ಯಾಬ್ ಅಟೆಂಡರ್, ಇಬ್ಬರು ಹುಡುಗರು. ಮೊದಲ ಬ್ಲೇಡ್ ಹಾಕಿದ ಕೂಡಲೇ ಸ್ಕ್ರೀನ್ ಬಂತು. ಹುಡುಗರು ಕೂಗಿದರು. ಐದರವರೆಗೂ ಸರಿ. 6ನೇದು ಹಾಕಿದೆವು, ಕಪ್ಪು. ಅದನ್ನು 12ನೇ ಸ್ಲಾಟಿಗೆ ಹಾಕಿದರೂ ಕಪ್ಪು. 6ರಲ್ಲಿ ಬೇರೆ ಬ್ಲೇಡ್ ಹಾಕಿದರೆ ಚೆನ್ನಾಗಿದೆ. ಆ ಬ್ಲೇಡಿನ ಹಿಂದಿನ ಕನೆಕ್ಟರ್ ಹತ್ತಿರ ಸಾಸಿವೆ ಕಾಳಿನಷ್ಟು ಕರಿ ಕಲೆ ಇದೆ, ಮೂಗಿಟ್ಟರೆ ಸುಟ್ಟ ವಾಸನೆ. ಈಗ ಎಂಟು ಬ್ಲೇಡ್ ಓಡುತ್ತಿವೆ, ಸಿಡಿ, ಯುಎಸ್‌ಬಿ ಎಲ್ಲಾ ಬಂತು. ಅರ್ಥಿಂಗ್ ಕೂಡ ಅಳೆದೆ, 3.8 ವೋಲ್ಟ್. ಗುಂಡಿಗೆ ನಾಲ್ಕು ಕೊಡ ನೀರು ಹಾಕಿಸಿದ್ದೇನೆ, ಸಂಜೆ 2.1ಕ್ಕೆ ಇಳಿದಿತ್ತು.

ಹಾರ್ಡ್‌ವೇರ್ ಸರ್, ನಿಮಗೆ ದೊಡ್ಡ ನಮಸ್ಕಾರ. ಒಂದೇ ಬೇಜಾರು, ನಿಮ್ಮ ಉತ್ತರ ಬರೋ ಹಿಂದಿನ ದಿನವೇ ಮಾಡ್ಯೂಲ್ ಆರ್ಡರ್ ಮಾಡಿಬಿಟ್ಟಿದ್ದೆ. ನಾಳೆ ಬರುತ್ತದೆ. ವಾಪಸ್ ತಗೊಳ್ಳಲ್ಲವಂತೆ.

ಯಾದಗಿರಿ:
ಸರ್, ಅದನ್ನು ಯಾರಿಗೂ ಕೊಡಬೇಡಿ. ನಮ್ಮ ಚಾಸಿಸ್‌ನಲ್ಲಿ ಇರೋದು ಒಂದೇ, ಸ್ಪೇರ್ ಇಲ್ಲ. 11,000 ಕೊಡ್ತೀನಿ. ಡಬ್ಬ ಒಡೆಯದೆ ಇಡಿ, ಬುಧವಾರ ಬಸ್ಸಿಗೆ ಬರ್ತೀನಿ.

ಗುಜರಿಗೆ ಹಾಕಿದವನು:
ಅಕ್ಕ, ನನ್ನ ಹತ್ತಿರ ಆ ಚಾಸಿಸ್‌ನ ಎರಡು ಪವರ್ ಮಾಡ್ಯೂಲ್ ಇನ್ನೂ ಇವೆ. ಗುಜರಿಯವನಿಗೆ ಕೊಡಲು ಮನಸ್ಸು ಬಂದಿರಲಿಲ್ಲ. ಬುಧವಾರ ಬಂದಾಗ ಅವನ್ನೂ ತಗೊಂಡು ಹೋಗಿ. ದುಡ್ಡು ಬೇಡ.