ಒಂದೇ ರೇಪಿಯರ್, ಎಡಗೈ ಖಾಲಿ: ಫೈಟರ್‌ಗೆ ಎಷ್ಟು ನಷ್ಟ?

ಖಾಲಿಕೈ_ಕತ್ತಿ:
ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸಿ ಪಾತ್ರವಾಗಿ ಆಡೋ ಆಟ) ಐದನೇ ಆವೃತ್ತಿ, 2014ರ ನಿಯಮ. 5ನೇ ಲೆವೆಲ್‌ನಿಂದ ಆಟ ಶುರು, 27 ಪಾಯಿಂಟ್‌ನ ಪಾಯಿಂಟ್ ಬೈ (ಪಾಯಿಂಟ್ ಕೊಟ್ಟು ಸ್ಟ್ಯಾಟ್, ಅಂದ್ರೆ ಪಾತ್ರದ ಸಾಮರ್ಥ್ಯದ ಅಂಕ, ಕೊಳ್ಳೋದು), ಫೀಟ್ (ವಿಶೇಷ ಕೌಶಲ) ತಗೋಬಹುದು. ಪಾತ್ರ ವೇರಿಯಂಟ್ ಹ್ಯೂಮನ್ (ಶುರುವಿನಲ್ಲೇ ಒಂದು ಫೀಟ್ ಸಿಗೋ ಮಾನವ), ಬ್ಯಾಟಲ್ ಮಾಸ್ಟರ್ ಫೈಟರ್ (ಮನೂವರ್ ಅನ್ನೋ ಕತ್ತಿವರಸೆ ಪಟ್ಟುಗಳಿರೋ ಯೋಧ). ಬಲಗೈಲಿ ರೇಪಿಯರ್ (ಸಪೂರ ಚುಚ್ಚುಗತ್ತಿ), ಎಡಗೈ ಖಾಲಿ. ಶೀಲ್ಡ್ ಬೇಡ, ಎರಡನೇ ಚೂರಿಯೂ ಬೇಡ. ಬಾಯಿ ಜೋರಿನ ಆಸಾಮಿ, ಹಾಗಾಗಿ ಕರಿಸ್ಮಾ 14 ಆದ್ರೂ ಇರಬೇಕು. ಪಾರ್ಟಿಯವರದ್ದು ಒಂದೇ ರಾಗ: ಗ್ರೇಟ್‌ಸೋರ್ಡ್ (ಎರಡು ಕೈಯ ದೊಡ್ಡ ಕತ್ತಿ) ಹಿಡಿ, ಗ್ರೇಟ್ ವೆಪನ್ ಮಾಸ್ಟರ್ ಫೀಟ್ ತಗೋ. ನಿಜವಾಗ್ಲೂ ಅಷ್ಟು ವ್ಯತ್ಯಾಸ ಇದೆಯಾ? ಇದ್ರೆ ಎಲ್ಲಿ ಸರಿದೂಗಿಸೋದು? ರೇಪಿಯರ್ ಬದಲು ಚಾವಟಿ ಹಿಡಿದರೆ?

ಡಿ20_ಲೆಕ್ಕಿಗ:
ಮೊದಲು ಅಂಕಿ ನೋಡೋಣ, ಜಗಳ ಆಮೇಲೆ. ಮುಖ್ಯ ಸ್ಟ್ಯಾಟ್ 18 ಇದ್ರೆ 5ನೇ ಲೆವೆಲ್‌ನಲ್ಲಿ ಅಟ್ಯಾಕ್ +7 (20 ಮುಖದ ದಾಳದ ಅಂಕಿಗೆ ಸೇರೋದು). ಎಸಿ (ಏಟು ತಾಗಬೇಕಾದ್ರೆ ಮುಟ್ಟಬೇಕಾದ ಅಂಕಿ) 15ರ ಎದುರಾಳಿಗೆ ಏಟು ಬೀಳೋ ಸಾಧ್ಯತೆ 65%. ಸುತ್ತೊಂದಕ್ಕೆ ಎರಡು ಅಟ್ಯಾಕ್, ಕ್ರಿಟಿಕಲ್ (ದಾಳ 20 ಬಿದ್ದಾಗಿನ ಜೋರು ಏಟು) ಸೇರಿ ಸರಾಸರಿ ಡ್ಯಾಮೇಜ್:

ಚಾವಟಿ, ಡ್ಯುಯೆಲಿಂಗ್ ಸ್ಟೈಲ್ (ಒಂದೇ ಆಯುಧ ಹಿಡಿದರೆ +2 ಡ್ಯಾಮೇಜ್) – 11.3
ರೇಪಿಯರ್, ಡ್ಯುಯೆಲಿಂಗ್ ಸ್ಟೈಲ್ – 14.1
ಗ್ರೇಟ್‌ಸೋರ್ಡ್, ಗ್ರೇಟ್ ವೆಪನ್ ಫೈಟಿಂಗ್ (1, 2 ಬಿದ್ದ ಡ್ಯಾಮೇಜ್ ದಾಳ ಮತ್ತೆ ಉರುಳಿಸೋ ಸ್ಟೈಲ್) – 16.9
ಅದೇ ಗ್ರೇಟ್‌ಸೋರ್ಡ್, ಫೀಟ್‌ನ −5/+10 (ಅಟ್ಯಾಕ್‌ಗೆ −5, ತಾಗಿದರೆ ಡ್ಯಾಮೇಜ್‌ಗೆ +10) ಬಳಸಿ – 18.7

ಎದುರಾಳಿಯ ಎಸಿ 18ಕ್ಕೆ ಏರಿದರೆ −5 ತಗೊಂಡವನಿಗೇ ನಷ್ಟ: ತಗೊಂಡರೆ 12, ತಗೊಳ್ಳದಿದ್ರೆ 13.2. ರೇಪಿಯರ್ ಆಗ 11ರ ಹತ್ತಿರ. ವ್ಯತ್ಯಾಸ ಇದೆ, ಆದರೆ ಪಾರ್ಟಿ ಮುಳುಗೋವಷ್ಟಿಲ್ಲ.

ನಿಜವಾದ ಪೆಟ್ಟು ಬೀಳೋದು ಸ್ಟ್ಯಾಟ್ ಹಂಚುವಾಗ. ಕರಿಸ್ಮಾ ಆಸೆಗೆ ಡೆಕ್ಸ್ (ಡೆಕ್ಸ್ಟೆರಿಟಿ, ರೇಪಿಯರ್‌ನವನ ಮುಖ್ಯ ಸ್ಟ್ಯಾಟ್) ಅನ್ನು 16ಕ್ಕೇ ನಿಲ್ಲಿಸಿದರೆ 14.1 ಇದ್ದದ್ದು 11.9ಕ್ಕೆ ಇಳಿಯುತ್ತೆ, ಹೆಚ್ಚುಕಡಿಮೆ ಚಾವಟಿ ಹಿಡಿದಷ್ಟೇ ನಷ್ಟ. ಜೊತೆಗೆ ಎಸಿ, ಇನಿಷಿಯೇಟಿವ್ (ಯಾರ ಸರದಿ ಮೊದಲು ಅನ್ನೋದು), ಡೆಕ್ಸ್ ಸೇವ್ (ಅಪಾಯ ತಪ್ಪಿಸಿಕೊಳ್ಳೋ ದಾಳ), ಮನೂವರ್ ಡಿಸಿ (ಎದುರಾಳಿ ತನ್ನ ಸೇವ್‌ನಲ್ಲಿ ಮುಟ್ಟಬೇಕಾದ ಅಂಕಿ), ಎಲ್ಲದರಲ್ಲೂ ಒಂದೊಂದು ಕಮ್ಮಿ. ಅದರ ಬದಲು ಹೀಗೆ ಹಂಚಿ: ಡೆಕ್ಸ್ 15 (9 ಪಾಯಿಂಟ್), ಕಾನ್‌ಸ್ಟಿಟ್ಯೂಷನ್ ಅಂದ್ರೆ ಕಾನ್ 13 (5), ಕರಿಸ್ಮಾ 14 (7), ವಿಸ್ಡಮ್ 12 (4), ಸ್ಟ್ರೆಂಗ್ತ್ 10 (2), ಇಂಟೆಲಿಜೆನ್ಸ್ 8. ಸರಿಯಾಗಿ 27. ಹ್ಯೂಮನ್‌ನ ಎರಡು +1 ಡೆಕ್ಸ್, ಕಾನ್‌ಗೆ. 4ನೇ ಲೆವೆಲ್‌ನ +2 ಪೂರ್ತಿ ಡೆಕ್ಸ್‌ಗೆ. ಡೆಕ್ಸ್ 18 ಆಯ್ತು, ಬಾಯಿಯೂ ಉಳೀತು.

ಮೂಲೆಮನೆ_ಡಿಎಂ:
ಮೇಲಿನ ಲೆಕ್ಕ ಸರಿ, ಆದ್ರೆ ರಕ್ಷಣೆ ಕಡೆ ಯಾರೂ ನೋಡಿಲ್ಲ. ಡ್ಯುಯೆಲಿಂಗ್ ಸ್ಟೈಲ್‌ಗೆ ಎಡಗೈ ಖಾಲಿ ಇರಬೇಕು ಅಂತ ಬಹಳ ಜನ ತಪ್ಪು ತಿಳ್ಕೊಂಡಿದ್ದಾರೆ. ಇನ್ನೊಂದು ಆಯುಧ ಇರಬಾರದು, ಅಷ್ಟೇ. ಶೀಲ್ಡ್ ಹಿಡಿದರೂ +2 ಡ್ಯಾಮೇಜ್ ಸಿಗುತ್ತೆ. ಹಾಗಾಗಿ ನಿಮ್ಮ ಖಾಲಿ ಎಡಗೈಯ ಬೆಲೆ ಅಂದ್ರೆ ಎಸಿ 18ರ ಬದಲು 16 (ಸ್ಟಡೆಡ್ ಲೆದರ್ 12 + ಡೆಕ್ಸ್ 4). +6 ಇರುವ ಶತ್ರು 45% ಬದಲು 55% ಸಲ ಹೊಡೀತಾನೆ.

ಇದಕ್ಕೆ ಮದ್ದು ಡಿಫೆನ್ಸಿವ್ ಡ್ಯುಯೆಲಿಸ್ಟ್ ಫೀಟ್. ಮೈಗೆ ತಾಗಿದ ಒಂದು ಮೆಲೀ (ಕೈಕೈ ಕಾದಾಟದ) ಏಟಿನ ಎದುರು ರಿಯಾಕ್ಷನ್ (ಸುತ್ತಿನಲ್ಲಿ ಒಂದೇ ಸಲ ಸಿಗೋ ಮರುನಡೆ) ಕೊಟ್ಟು ಎಸಿಗೆ +3. ಅದೇ +6 ಶತ್ರುಗಳಿಂದ ಸುತ್ತೊಂದಕ್ಕೆ ಮೂರು ಏಟು ಬಂದರೆ ಶೀಲ್ಡ್ ಸರಾಸರಿ 0.30 ಏಟು ತಪ್ಪಿಸುತ್ತೆ, ಈ ಫೀಟ್ 0.39. ಆದರೆ ಈ 0.39 ಬರೋದು ಡಿಎಂ (ಆಟ ನಡೆಸೋವರು) ಅಟ್ಯಾಕ್‌ನ ಒಟ್ಟು ಮೊತ್ತ ಬಾಯಿಬಿಟ್ಟು ಹೇಳಿದರೆ ಮಾತ್ರ. "ತಾಗ್ತು" ಅಂತಷ್ಟೇ ಹೇಳೋ ಡಿಎಂ ಆದ್ರೆ 25ರ ಏಟಿಗೂ ರಿಯಾಕ್ಷನ್ ಸುರಿದು ಕೈಚೆಲ್ಲಿ ಕೂರ್ತೀರಿ. ಮೊದಲ ದಿನವೇ ಕೇಳಿ ಖಚಿತ ಮಾಡ್ಕೊಳ್ಳಿ. ಬಾಣಕ್ಕೂ ಇದು ನಡೆಯಲ್ಲ, ಶೀಲ್ಡ್ ನಡೆಯುತ್ತೆ.

ಇನ್ನೊಂದು ಬಲೆ: ರಿಪೋಸ್ಟ್ (ಶತ್ರುವಿನ ಏಟು ತಪ್ಪಿದಾಗ ತಿರುಗೇಟು), ಪ್ಯಾರಿ (ತಾಗಿದ ಏಟಿನ ಡ್ಯಾಮೇಜ್ ತಗ್ಗಿಸೋದು), ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯೋ ಶತ್ರುವಿಗೆ ಹೊಡೆಯೋದು), ಈ ಫೀಟ್, ನಾಲ್ಕೂ ತಿನ್ನೋದು ಒಂದೇ ರಿಯಾಕ್ಷನ್. ಫೀಟ್‌ನಿಂದ ಏಟು ತಪ್ಪಿಸಿಕೊಂಡು ಅದಕ್ಕೇ ರಿಪೋಸ್ಟ್ ಹೊಡೀತೀನಿ ಅಂದ್ರೆ ಆಗಲ್ಲ. ಪ್ಯಾರಿ ಬಿಡಿ. ನಿಮಗಿರೋ ಮೂರು ಮನೂವರ್‌ಗೆ ರಿಪೋಸ್ಟ್, ಪ್ರಿಸಿಷನ್ (ಅಟ್ಯಾಕ್‌ಗೆ ಇನ್ನೊಂದು ಡೈಸ್ ಸೇರಿಸೋದು), ಡಿಸಾರ್ಮಿಂಗ್ (ಶತ್ರುವಿನ ಆಯುಧ ಬೀಳಿಸೋದು) ಸಾಕು.

ಡಿಸಾರ್ಮಿಂಗ್ ಯಾಕೆ ಅಂದ್ರೆ ಖಾಲಿ ಕೈಗೆ ಕೆಲಸ ಸಿಗೋದು ಅಲ್ಲೇ. ಡಿಸಿ 15ರ ಸ್ಟ್ರೆಂಗ್ತ್ ಸೇವ್ ತಪ್ಪಿದರೆ ಆಯುಧ ಅವನ ಕಾಲಬುಡಕ್ಕೆ ಬೀಳುತ್ತೆ. ಹಾಗೇ ಬಿಟ್ಟರೆ ಅವನ ಸರದೀಲಿ ಎತ್ಕೊಂಡು ಮತ್ತೆ ಹೊಡೀತಾನೆ, ಮನೂವರ್‌ಗೆ ಖರ್ಚಾದ ನಿಮ್ಮ ಡೈಸ್ ದಂಡ. ಕೈ ಖಾಲಿ ಇದ್ದರೆ ಸರದಿಗೊಂದು ಪುಕ್ಕಟೆ ಸಿಗೋ ಆಬ್ಜೆಕ್ಟ್ ಇಂಟರಾಕ್ಷನ್‌ನಲ್ಲಿ ಅದನ್ನು ನೀವೇ ಎತ್ತಿಕೊಳ್ಳಬಹುದು. ಶೀಲ್ಡ್‌ನವನಿಗೆ ಇದು ಆಗೋ ಮಾತಲ್ಲ. ಎತ್ತಿದ್ದು ಕೈಲಿದ್ದಾಗ ಡ್ಯುಯೆಲಿಂಗ್‌ನ +2 ಇರಲ್ಲ, ನೆನಪಿರಲಿ. ಅದಕ್ಕೇ ಸರದಿಯ ಕೊನೇ ಅಟ್ಯಾಕ್‌ನಲ್ಲಿ ಡಿಸಾರ್ಮ್ ಮಾಡಿ. ತೋಳ, ಕರಡಿ ಎದುರಿದ್ದರೆ ಈ ವಿದ್ಯೆಗೆ ಬೆಲೆಯಿಲ್ಲ ಬಿಡಿ.

ಬಣ್ಣದ_ಬುಗುರಿ:
ಮಾರಾಯ್ರೇ, ಫೈಟರ್ರೇ ಯಾಕೆ ಆಗಬೇಕು? ಸ್ವಾಶ್‌ಬಕ್ಲರ್ ರೋಗ್ ನೋಡಿ. ಒಬ್ಬನ ಎದುರು ಒಂಟಿಯಾಗಿ ನಿಂತರೂ ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಡ್ಯಾಮೇಜ್) ಸಿಗುತ್ತೆ, ಕರಿಸ್ಮಾ ನೇರ ಇನಿಷಿಯೇಟಿವ್‌ಗೆ ಸೇರುತ್ತೆ. 5ನೇ ಲೆವೆಲ್‌ನಲ್ಲಿ ಎಸಿ 15ಕ್ಕೆ ಒಂದೇ ಅಟ್ಯಾಕ್‌ಗೆ 13.1. ಒಂದು ಏಟಿನ ಡ್ಯಾಮೇಜ್ ಅರ್ಧ ಮಾಡೋ ಅನ್‌ಕ್ಯಾನಿ ಡಾಜ್ ಬೇರೆ. ಆದ್ರೆ ಒಂದೇ ಅಟ್ಯಾಕ್ ಆದ್ದರಿಂದ ಅದು ತಪ್ಪಿದ ಸುತ್ತು ಪೂರ್ತಿ ಸೊನ್ನೆ, ಹಿಟ್ ಪಾಯಿಂಟೂ ಕಮ್ಮಿ.

ಫೈಟರ್ರೇ ಬೇಕು ಅಂದ್ರೆ ಡಿಎಂ ಹತ್ರ ಮಾತಾಡಿ ಶೀಲ್ಡ್‌ನ ನಿಯಮವನ್ನೇ "ಎಡ ಮುಂಗೈಗೆ ಸುತ್ತಿದ ಮೇಲಂಗಿ" ಅಂತ ಬಣ್ಣಿಸಿ. +2 ಎಸಿ ಹಾಗೇ ಇರಲಿ. ಆಮೇಲೆ "ಕೈ ಖಾಲಿ ಇದೆಯಲ್ಲ" ಅಂತ ಕತ್ತಿ ಎತ್ತಕ್ಕೆ ಹೋಗಬೇಡಿ. ಬಣ್ಣ ಏನೇ ಇರಲಿ, ಕೈ ತುಂಬಿದ ಹಾಗೇ ಲೆಕ್ಕ. ಸುತ್ತಕ್ಕೂ ಬಿಚ್ಚಕ್ಕೂ ಒಂದೊಂದು ಆಕ್ಷನ್.

ಖಾಲಿಕೈ_ಕತ್ತಿ:
ಮೇಲಂಗಿ ಬೇಡ, ಡಿಸಾರ್ಮ್ ದಾರಿ ಹಿಡೀತೀನಿ. ಚಾವಟಿ ಬಗ್ಗೆ? ನಮ್ಮ ಡಿಎಂ 2024ರ ನಿಯಮಕ್ಕೆ ಹೋಗೋಣ ಅಂತಲೂ ಅಂತಿದ್ದಾರೆ.

ಮೂಲೆಮನೆ_ಡಿಎಂ:
ಚಾವಟಿಯ 10 ಅಡಿ ಅಳತೆಗೆ ಸುತ್ತೊಂದಕ್ಕೆ 2.8 ಡ್ಯಾಮೇಜ್ ಕೊಡ್ತಿದ್ದೀರಿ. ಸೊಂಟದಲ್ಲಿ ಎರಡನೇ ಆಯುಧವಾಗಿ ಇರಲಿ, ದಿನವಿಡೀ ಬೇಡ. 2024ರಲ್ಲಿ ನಿಮಗೇ ಲಾಭ: −5/+10 ಹೋಯ್ತು, ರೇಪಿಯರ್‌ಗೆ ವೆಕ್ಸ್ ಮಾಸ್ಟರಿ ಬಂತು. ಏಟು ತಾಗಿ ಡ್ಯಾಮೇಜ್ ಆದರೆ ಅದೇ ಶತ್ರುವಿನ ಮೇಲಿನ ಮುಂದಿನ ಅಟ್ಯಾಕ್‌ಗೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಕೊಳ್ಳೋದು), 65% ಇದ್ದದ್ದು ಸುಮಾರು 88%. ಡಿಫೆನ್ಸಿವ್ ಡ್ಯುಯೆಲಿಸ್ಟ್ ಕೂಡ ಒಂದು ಏಟಿಗಲ್ಲ, ನಿಮ್ಮ ಮುಂದಿನ ಸರದಿ ತನಕ ಎಲ್ಲ ಮೆಲೀ ಏಟಿಗೂ. ಆದರೆ ಅದು ಸಿಗೋದು 4ನೇ ಲೆವೆಲ್‌ನಿಂದ, ಡೆಕ್ಸ್‌ಗೆ +1 ಮಾತ್ರ ಜೊತೆಗೆ ಬರುತ್ತೆ. ಅಂದ್ರೆ 5ನೇ ಲೆವೆಲ್‌ನಲ್ಲಿ ಡೆಕ್ಸ್ 18 ಬೇಕಾದ್ರೆ ಶುರುವಿನಲ್ಲೇ 17 ಇಡಬೇಕು. 2024ರಲ್ಲಿ +2/+1 ಬ್ಯಾಕ್‌ಗ್ರೌಂಡ್‌ನಿಂದ ಬರೋದು, ಡೆಕ್ಸ್ ಇರೋ ಬ್ಯಾಕ್‌ಗ್ರೌಂಡ್ ನೋಡಿ ಆರಿಸಿ.