ಕಾಡಿನ ಸೌದೆ ಸುಟ್ಟರೆ ಇಂಗಾಲದ ಲೆಕ್ಕ ಸೊನ್ನೆಯೇ?

ಪ್ರಶ್ನೆ: ಕಡಿದ ಮರ ಮತ್ತೆ ಬೆಳೆಯುತ್ತದೆ, ಹಾಗಾಗಿ ವಿದ್ಯುತ್ ಸ್ಥಾವರದಲ್ಲಿ ಸೌದೆ ಉರಿಸಿದರೆ ಹವಾಮಾನಕ್ಕೆ ತೊಂದರೆಯಿಲ್ಲ ಅಂತಾರೆ. ಹೌದಾ?

ಉತ್ತರ 1: ಚಿಮಣಿಯ ಬಾಯಲ್ಲಿ ಅಳೆದರೆ ಅಲ್ಲ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ ಲೆಕ್ಕಕ್ಕೆಂದು ಕೊಟ್ಟ ಗುಣಾಂಕದ ಪ್ರಕಾರ ಒಂದು ಗಿಗಾಜೂಲ್ ಶಾಖಕ್ಕೆ ಸೌದೆಯಿಂದ 112 ಕೆಜಿ ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲಿನಿಂದ ಸುಮಾರು 95, ನೈಸರ್ಗಿಕ ಅನಿಲದಿಂದ 56. ದೇಶಗಳು ಇಂಗಾಲದ ಲೆಕ್ಕ ಬರೆಯುವಾಗ ಸೊನ್ನೆ ಬರುವುದು ಇಂಧನದ ಖಾತೆಯಲ್ಲಿ ಮಾತ್ರ. ಕಡಿದ ಮರದ ನಷ್ಟ ಭೂಬಳಕೆಯ ಖಾತೆಗೆ ಹೋಗಬೇಕು. ಅಲ್ಲಿ ಸರಿಯಾಗಿ ಬರೆಯದಿದ್ದರೆ ಎಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ, ನನ್ನ ಆತಂಕ ಅದೇ.

ಉತ್ತರ 2: ತೇವವನ್ನೂ ನೋಡಿ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅದನ್ನು ಆವಿ ಮಾಡುವುದಕ್ಕೇ ಶಾಖ ಖರ್ಚಾಗಿ, ಉರಿ ತಣ್ಣಗಾಗಿ, ಮಸಿ ಜಾಸ್ತಿಯಾಗುತ್ತದೆ.

ಪ್ರಶ್ನೆ: ಹಾಗಾದರೆ ಯಾವ ಸೌದೆಯೂ ಬೇಡವಾ?

ಉತ್ತರ 1: ಸಣ್ಣ ರೆಂಬೆ, ಗರಗಸದ ಹೊಟ್ಟು ಹೇಗೂ ಕೆಲವು ವರ್ಷಗಳಲ್ಲಿ ಕೊಳೆತು ಇಂಗಾಲ ಬಿಡುತ್ತವೆ, ಹಾಗಾಗಿ ಅವನ್ನು ಸುಟ್ಟು ಗಾಳಿಗೆ ಬಿಟ್ಟ ಇಂಗಾಲದ ಸಾಲ ಬೇಗ ತೀರುತ್ತದೆ. ಬಲಿತ ಕಾಂಡ ಕಡಿದು ಸುಟ್ಟರೆ ತೀರಲು ದಶಕಗಳೇ ಬೇಕು.